ವ್ಯತ್ಯಾಸ: ಸೊನ್ನೆ

ಶಾಬಾನ್ ಇಪ್ಪತ್ತೊಂಬತ್ತು. ಮಸ್ಕತ್ತಿನ ರೂವಿ, ನಾಲ್ಕನೇ ಮಹಡಿ.
ಕೆಳಗೆ ನಮ್ಮದೇ ಕಂಪನಿಯ ಕೌಂಟರು,
ಊರಿಗೆ ದುಡ್ಡು ಕಳಿಸುವವರ ಸಾಲು ರಸ್ತೆಯ ತನಕ.
ಮೇಲೆ ನಾನು,
ಮತ್ತು ನಮ್ಮ ವೆಬ್‌ಸೈಟಿನ ಫೋಟೋವನ್ನು
ಹಗಲಿರುಳು ಹೊಡೆಯುತ್ತಲೇ ಇರುವ ಒಂದು ಯಂತ್ರ.

ಅದರ ಕೆಲಸ ಇಷ್ಟೆ:
ನಾನು ಒಪ್ಪಿದ ಹಳೆ ಪುಟ, ಇವತ್ತಿನ ಪುಟ,
ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯುವುದು.
ಅಮ್ಮ ರವಿಕೆ ಕಣವನ್ನು ಅಂಗಡಿಯ ಹೊರಗೆ ತಂದು
ಬಿಸಿಲಲ್ಲಿ ಸೀರೆಯ ಮೇಲಿಟ್ಟು ನೋಡುತ್ತಿದ್ದಳಲ್ಲ,
ಹಾಗೆ.
ಗುಂಡಿ ಎರಡು ಪಿಕ್ಸೆಲ್ ಕೆಳಗಿಳಿದರೆ,
ನೀಲಿ ಒಂಚೂರು ಮಾಸಿದರೆ,
ಆ ಜಾಗಕ್ಕೆ ಗುಲಾಬಿ ಬಳಿದು ನನ್ನ ಮುಂದಿಡುತ್ತದೆ.
ನಾನು ಸರಿ ಅಂದರೆ ಅಲ್ಲಿಂದಾಚೆ ಅದೇ ಸರಿ.
ನನ್ನ ಒಂದು ಕ್ಲಿಕ್ಕು ಅದಕ್ಕೆ ಶಿಲಾಶಾಸನ.

ಮೊದಮೊದಲು ಸುಮ್ಮಸುಮ್ಮನೆ ಚೀರುತ್ತಿತ್ತು.
ರಿಯಾಲಿಗೆ ಎಷ್ಟು ರೂಪಾಯಿ ಎಂಬ ಅಂಕಿ
ನಿಮಿಷಕ್ಕೊಮ್ಮೆ ಹೊರಳುತ್ತದೆ;
ಹೊರಳಿದಾಗಲೆಲ್ಲ ತಪ್ಪು, ತಪ್ಪು.
ಕೊನೆಗೆ ಅದರ ಮೇಲೊಂದು ಕಪ್ಪು ಪಟ್ಟಿ ಎಳೆದು ಹೇಳಿದೆ:
ಇದನ್ನು ನೋಡಬೇಡ.
ಕೆಳಗೆ ಸಾಲಿನಲ್ಲಿ ನಿಂತವರು
ನೋಡುವುದು ಅದೊಂದನ್ನೇ.

ಇವತ್ತು ರಂಜಾನಿನ ವೇಷ ಸಿದ್ಧ.
ಚಂದ್ರ ಕಂಡರೆ ಈ ರಾತ್ರಿಯೇ, ಇಲ್ಲದಿದ್ದರೆ ನಾಳೆ.
ಇಂಗ್ಲಿಷ್ ಪುಟ ಅರ್ಧ, ಅರಬ್ಬಿ ಅರ್ಧ,
ಒಟ್ಟು ಇನ್ನೂರ ಹನ್ನೆರಡು ಚಿತ್ರ,
ಎಲ್ಲ ಹೋದ ವರ್ಷ ನಾನೇ ಒಪ್ಪಿದವು.
ಐದೂವರೆಗೆ ವರದಿ ಬಂತು.
ಸಾಲಾಗಿ ಹಸಿರು, ಪೂರಾ ಹಸಿರು, ಕೊನೆಯಲ್ಲಿ
ವ್ಯತ್ಯಾಸ: ಸೊನ್ನೆ.

ಚಾ ಲೋಟ ಒಯ್ಯಲು ಬಂದ ಮೊಯ್ದಿನಾಕ
ಅರಬ್ಬಿ ಪುಟದೆದುರು ನಿಂತೇಬಿಟ್ಟರು.
ಉಚ್ಚಿಲದವರು; ಹದಿನಾರು ವರ್ಷ ಮೀನಿನ ಬೋಟು, ಆಮೇಲೆ ಈ ಟ್ರೇ.
"ಬಾಯಮ್ಮ, ಇದು ಯಾವ ಚಂದ್ರ?"
ರಂಜಾನಿದ್ದು, ಅಂದೆ.
"ಅಲ್ಲ ಮಾರಾಯ್ತಿ, ಇದು ಸಾಯುವ ಚಂದ್ರ.
ಬೆಳಗಿನ ಜಾವ ಬಲೆ ಎಳೆಯುವಾಗ ಕಾಣ್ತದಲ್ಲ, ಅದು.
ಹೊಟ್ಟೆ ಎಡಕ್ಕೆ.
ಹುಟ್ಟುವ ಚಂದ್ರನಿಗೆ ಹೊಟ್ಟೆ ಬಲಕ್ಕೆ,
ಸೂರ್ಯ ಮುಳುಗಿದ ಕಡೆಗೇ ಇರ್ತದೆ."

ಬಲದಿಂದ ಎಡಕ್ಕೆ ಓದುವವರಿಗೆಂದು
ಇಡೀ ಪುಟವನ್ನು ಕನ್ನಡಿಗೆ ಹಿಡಿದಂತೆ ಮಗುಚಿದ್ದೆವು.
ಬಾಣ ತಿರುಗಿತು, ಮೆನು ತಿರುಗಿತು,
ಅವು ತಿರುಗಬೇಕಾದವೇ.
ಗುಂಪಿನಲ್ಲಿ ಗೋವಿಂದನಂತೆ ಚಂದ್ರನೂ ತಿರುಗಿದ.
ಆಕಾಶವನ್ನು ಯಾವ ಕಡೆಯಿಂದ ಓದುತ್ತಾರೆಂದು
ನಾವು ಯಾರೂ ಕೇಳಲಿಲ್ಲ.

ಒಂದು ವರ್ಷ ಆ ತಪ್ಪನ್ನು ಕಾದದ್ದು ಈ ಯಂತ್ರ,
ಮೊಟ್ಟೆಯ ಮೇಲೆ ಕೂತ ಕೋಳಿಯ ಹಾಗೆ,
ಒಂದು ಪಿಕ್ಸೆಲ್ಲೂ ಅಲುಗದಂತೆ.
ಬೈಯಲು ಹೋದೆ. ಯಾರನ್ನು?
ಅದು ಯಾವತ್ತೂ ಸರಿಯೇ ಎಂದು ನೋಡಿದ್ದಿಲ್ಲ,
ಅದೇನಾ ಎಂದಷ್ಟೇ.
ಸರಿ ಅನ್ನುವ ಕೆಲಸ ನನ್ನ ಪಾಲಿನದು.
ಆ ದಿನ ಬಸ್ಸಿಗೆ ಹೊತ್ತಾಗಿತ್ತೋ ಏನೋ, ನೆನಪಿಲ್ಲ.

ಒಂದು ಸಾಲು ತಿದ್ದಿ ಮತ್ತೆ ಓಡಿಸಿದೆ.
ನೂರಾ ಆರು ಚಿತ್ರ ಕೆಂಪಾಗಿ ವಾಪಸು ಬಂದವು.
ಒಂದೊಂದರಲ್ಲೂ ಮೂಲೆಯಲ್ಲಿ
ಹಳೆಯ ಚಂದ್ರ ಎಡಕ್ಕೆ, ಹೊಸ ಚಂದ್ರ ಬಲಕ್ಕೆ,
ಎರಡೂ ಕೂಡಿ
ಒಂದು ಗುಲಾಬಿ ಬಳೆ.
ಇಡೀ ತಿಂಗಳು ಒಂದೇ ಚೌಕದಲ್ಲಿ.

ಕುರ್ಚಿ ಎಳೆದು ಕೊಟ್ಟೆ; ಮೊಯ್ದಿನಾಕ ಕೂರಲಿಲ್ಲ.
ಟ್ರೇ ಕಂಕುಳಿಗೆ ಸಿಕ್ಕಿಸಿಕೊಂಡು ಹಿಂದೆಯೇ ನಿಂತರು.
ಅವರು "ಹಾಂ" ಅಂದ ಮೇಲೆ ಒಂದು ಕ್ಲಿಕ್ಕು.
ಇನ್ನೊಂದು "ಹಾಂ", ಇನ್ನೊಂದು ಕ್ಲಿಕ್ಕು.
ನಲವತ್ತನೆಯದರಲ್ಲಿ ತಡೆದರು. ಉಸಿರು ಹಿಡಿದೆ.
"ಕಣ್ಣಿಗೆ ಧೂಳು," ಅಂದರು. "ಹಾಂ."

ಕಿಟಕಿಯಾಚೆ ಬೋಳುಗುಡ್ಡದ ತಲೆ ಮಸುಕು.
ಟೀವಿ ಇನ್ನೂ ಏನೂ ಹೇಳಿಲ್ಲ.